ದಯೆ ಸಾಕೆ, ನ್ಯಾಯವೇ ಬೇಕೆ?

ಕೆಲವು ತಿಂಗಳ ಹಿಂದೆ ನಮ್ಮ ಸಂಘದ ಸದಸ್ಯರೊಬ್ಬರ ಮನೆಯಲ್ಲಿ ಊಟಕ್ಕೆ ಸೇರಿದ್ದೆವು. ಆ ಮನೆಯ ಹುಡುಗನ ಮೇಲೆ ಶಾಲೆಯಲ್ಲಿ ಒಂದು ಆಪಾದನೆ ಬಂದಿತ್ತು. ಪರೀಕ್ಷೆಯಲ್ಲಿ ಪಕ್ಕದವನ ಉತ್ತರ ನೋಡಿ ಬರೆದನೆಂದು ದೂರು. ಕೊನೆಗೆ ಶಾಲೆಯವರು, ಇದೇ ಮೊದಲ ಸಲವಾದ್ದರಿಂದ ಬಿಟ್ಟಿದ್ದೇವೆ ಎಂದು ಹೇಳಿ ಕಳಿಸಿದ್ದರು. ತಾಯಿಗೆ ಅಷ್ಟೇ ಸಾಕಾಗಿತ್ತು. "ಬಿಟ್ಟರಲ್ಲ, ದೇವರು ದೊಡ್ಡವನು. ಇನ್ನು ಆ ಮಾತು ಎತ್ತಬೇಡ" ಎಂದರು. ಹುಡುಗ ಅನ್ನ ಕಲಸುತ್ತಲೇ ಕೂತಿದ್ದ. "ಆದರೆ ನಾನು ನೋಡಿ ಬರೆದೇ ಇಲ್ಲವಲ್ಲಮ್ಮ" ಎಂದ. ಯಾರೂ ಉತ್ತರ ಕೊಡಲಿಲ್ಲ. ಮಜ್ಜಿಗೆ ಬಂತು, ಮಾತು ಬೇರೆ ಕಡೆ ಹೊರಳಿತು.

ಕಾರಿನಲ್ಲಿ ಮನೆಗೆ ಹಿಂತಿರುಗುವಾಗಲೂ ಆ ಹುಡುಗನ ಮಾತು ನಮ್ಮನ್ನು ಬಿಡಲಿಲ್ಲ. ಶಿಕ್ಷೆ ತಪ್ಪಿತು, ನಿಜ. ಆದರೆ ತಪ್ಪಿತಸ್ಥನೆಂಬ ಹೆಸರು ಉಳಿಯಿತು. ಅವನಿಗೆ ಸಿಕ್ಕಿದ್ದು ದಯೆ, ಅವನು ಕೇಳುತ್ತಿದ್ದದ್ದು ನ್ಯಾಯ. ಇವೆರಡೂ ಒಂದೇ ಅಲ್ಲ ಎನ್ನುವುದಕ್ಕಾಗಿ ತನ್ನ ಪದವಿ, ಹೆಸರುಗಳನ್ನೇ ಪಣವಾಗಿಟ್ಟ ಒಬ್ಬ ವ್ಯಕ್ತಿ ನಾವಿರುವ ಈ ಇಲಿನಾಯ್ ರಾಜ್ಯದಲ್ಲೇ ಇದ್ದರು. ಅವರು ಜಾನ್ ಪೀಟರ್ ಆಲ್ಟ್‌ಗೆಲ್ಡ್. ವಕೀಲರು, ನ್ಯಾಯಾಧೀಶರು, 1893ರಿಂದ 1897ರವರೆಗೆ ಈ ರಾಜ್ಯದ ಗವರ್ನರ್. ಅರ್ಬಾನಾದ ವಿಶ್ವವಿದ್ಯಾಲಯಕ್ಕೆ ಮಕ್ಕಳನ್ನು ಬಿಡಲು ಹೋದ ನಮ್ಮಲ್ಲಿ ಹಲವರು ಅಲ್ಲಿನ ಗಂಟೆಗೋಪುರದ ಕಲ್ಲಿನ ಕಟ್ಟಡದ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದೇವೆ. ಅದರ ಹೆಸರು ಆಲ್ಟ್‌ಗೆಲ್ಡ್ ಹಾಲ್. ಆ ಹೆಸರು ಯಾರದೆಂದು ಕೇಳಿದವರು ಕಡಿಮೆ.

ಆಲ್ಟ್‌ಗೆಲ್ಡ್ ನಮ್ಮ ಹಾಗೆಯೇ ಹೊರಗಿನಿಂದ ಬಂದವರು. 1847ರ ಡಿಸೆಂಬರ್ 30ರಂದು ಜರ್ಮನಿಯ ನೀಡರ್‌ಸೆಲ್ಟರ್ಸ್ ಎಂಬ ಊರಿನಲ್ಲಿ ಹುಟ್ಟಿದರು. ಮೂರು ತಿಂಗಳ ಕೂಸಾಗಿದ್ದಾಗ ತಂದೆತಾಯಿ ಹಡಗು ಹತ್ತಿ ಒಹಾಯೋ ರಾಜ್ಯಕ್ಕೆ ಬಂದು ನೆಲೆಸಿದರು. ಬಡ ರೈತ ಕುಟುಂಬ. ಹದಿನಾರನೆಯ ವಯಸ್ಸಿನಲ್ಲಿ ಅಂತರ್ಯುದ್ಧದ ಸೈನ್ಯ ಸೇರಿ, ವರ್ಜೀನಿಯಾದಲ್ಲಿ ಜ್ವರ ಹಿಡಿಸಿಕೊಂಡು, ಆರೋಗ್ಯವನ್ನು ಶಾಶ್ವತವಾಗಿ ಕೆಡಿಸಿಕೊಂಡರು. ಆಮೇಲೆ ಶಾಲಾ ಮಾಸ್ತರಿಕೆ, ರೈಲ್ವೆ ಹಳಿ ಹಾಕುವ ಕೂಲಿ. ಮಿಸೌರಿಯಲ್ಲಿ ಕಾನೂನು ಓದಿ ವಕೀಲರಾಗಿ, 1874ರಲ್ಲಿ ಅಲ್ಲಿನ ಒಂದು ಕೌಂಟಿಗೆ ಸರಕಾರಿ ವಕೀಲರಾಗಿ ಚುನಾಯಿತರಾದರು. ಮರುವರ್ಷವೇ ಆ ಹುದ್ದೆ ಬಿಟ್ಟು ಶಿಕಾಗೋಗೆ ಬಂದರು. ಇಲ್ಲಿ ಜಮೀನು, ಕಟ್ಟಡಗಳ ವ್ಯವಹಾರದಲ್ಲಿ ಹಣ ಮಾಡಿದರು. ಇವರ ಹದಿನಾರು ಮಹಡಿಯ ಯೂನಿಟಿ ಬಿಲ್ಡಿಂಗ್ ಆ ಕಾಲದ ಶಿಕಾಗೋದ ಎತ್ತರದ ಕಟ್ಟಡಗಳಲ್ಲೊಂದು.

ಸಿರಿವಂತರಾದ ಮೇಲೂ ಅವರು ಬಡವರನ್ನು ಮರೆಯಲಿಲ್ಲ. 1884ರಲ್ಲಿ ಸೆರೆಮನೆಗಳ ವ್ಯವಸ್ಥೆ ಕುರಿತು ಒಂದು ಚಿಕ್ಕ ಪುಸ್ತಕ ಬರೆದರು. ನಮ್ಮ ಜೈಲುಗಳು ಅಪರಾಧಿಗಳನ್ನು ತಿದ್ದುವುದಿಲ್ಲ, ತಯಾರಿಸುತ್ತವೆ, ಸಿಕ್ಕಿಬೀಳುವವರು ಹೆಚ್ಚಾಗಿ ಬಡವರೇ ಎಂಬುದು ಅದರ ವಾದ. ಮುಂದೆ ಅಮೆರಿಕದ ಅತ್ಯಂತ ಪ್ರಸಿದ್ಧ ವಕೀಲರಾದ ಕ್ಲಾರೆನ್ಸ್ ಡ್ಯಾರೋ ತಮ್ಮ ಸಣ್ಣ ಊರಿನಲ್ಲಿ ಈ ಪುಸ್ತಕ ಓದಿ ಪ್ರಭಾವಿತರಾದರು. ಶಿಕಾಗೋಗೆ ಬಂದ ಮೇಲೆ ಆಲ್ಟ್‌ಗೆಲ್ಡ್ ಅವರನ್ನು ಹುಡುಕಿಕೊಂಡು ಹೋಗಿ ಸ್ನೇಹ ಬೆಳೆಸಿದರು. 1886ರಲ್ಲಿ ಆಲ್ಟ್‌ಗೆಲ್ಡ್ ನ್ಯಾಯಾಧೀಶರಾಗಿ ಆಯ್ಕೆಯಾದರು. 1892ರ ಚುನಾವಣೆಯಲ್ಲಿ ಗವರ್ನರ್ ಆದರು. ಅಂತರ್ಯುದ್ಧದ ನಂತರ ಇಲಿನಾಯ್‌ಗೆ ಮೊದಲ ಡೆಮಾಕ್ರಟಿಕ್ ಗವರ್ನರ್. ಪರದೇಶದಲ್ಲಿ ಹುಟ್ಟಿ ಆ ಕುರ್ಚಿಯಲ್ಲಿ ಕೂತವರಲ್ಲೂ ಮೊದಲಿಗರು.

ಆ ಕುರ್ಚಿಯ ಮೇಲೆ ಅವರಿಗಾಗಿ ಒಂದು ಹಳೆಯ ಕಡತ ಕಾಯುತ್ತಿತ್ತು.

ಊರಿನಲ್ಲಿ ನಾವೆಲ್ಲ ಮೇ ಒಂದರಂದು ರಜೆ ಅನುಭವಿಸಿದ್ದೇವೆ. ಆ ದಿನದ ಮೂಲ ಶಿಕಾಗೋ ಎಂಬುದು ನಮ್ಮಲ್ಲಿ ಅನೇಕರಿಗೆ ಇಲ್ಲಿಗೆ ಬಂದಮೇಲೂ ತಿಳಿದಿರಲಿಲ್ಲ. 1886ರ ಮೇ 1ರಂದು, ದಿನಕ್ಕೆ ಎಂಟೇ ಗಂಟೆ ದುಡಿಮೆ ಎಂಬ ಬೇಡಿಕೆಯಿಟ್ಟು ಅಮೆರಿಕದ ಕಾರ್ಮಿಕರು ಮುಷ್ಕರ ಹೂಡಿದರು. ಮೇ 3ರಂದು ಶಿಕಾಗೋದ ಮೆಕಾರ್ಮಿಕ್ ಕಾರ್ಖಾನೆಯ ಬಳಿ ಪೊಲೀಸರು ಕಾರ್ಮಿಕರ ಮೇಲೆ ಗುಂಡು ಹಾರಿಸಿದರು. ಮರುದಿನ ಸಂಜೆ ಅದನ್ನು ಪ್ರತಿಭಟಿಸಲು ಹೇಮಾರ್ಕೆಟ್ ಎಂಬಲ್ಲಿ ಸಭೆ ಸೇರಿತು. ಮೇಯರ್ ಕಾರ್ಟರ್ ಹ್ಯಾರಿಸನ್ ಖುದ್ದಾಗಿ ಬಂದು ನೋಡಿ, ಗಲಭೆಯ ಸೂಚನೆ ಇಲ್ಲವೆಂದು ಮನೆಗೆ ಹೋದರು. ಅವರು ಹೋದ ಮೇಲೆ, ಜನ ಚದುರುತ್ತಿದ್ದ ಹೊತ್ತಿನಲ್ಲಿ, ಪೊಲೀಸರ ದೊಡ್ಡ ತಂಡವೊಂದು ಸಭೆ ಮುಗಿಸಲು ಬಂತು. ಯಾರೋ ಬಾಂಬ್ ಎಸೆದರು. ಪೊಲೀಸರು ಕತ್ತಲಲ್ಲಿ ಗುಂಡು ಹಾರಿಸಿದರು. ಏಳು ಮಂದಿ ಪೊಲೀಸರೂ ಕನಿಷ್ಠ ನಾಲ್ವರು ನಾಗರಿಕರೂ ಪ್ರಾಣ ಕಳೆದುಕೊಂಡರು. ಎಸೆದವನು ಯಾರೆಂಬುದು ಇಂದಿಗೂ ಖಚಿತವಾಗಿಲ್ಲ.

ಎಸೆದವನು ಸಿಗದಿದ್ದರೂ ಎಂಟು ಜನ ಸಿಕ್ಕರು. ಎಲ್ಲರೂ ಅರಾಜಕತಾವಾದಿಗಳು, ಬಿಸಿರಕ್ತದ ಭಾಷಣಕಾರರು, ಪತ್ರಿಕೆ ನಡೆಸುವವರು. ಎಂಟರಲ್ಲಿ ಆರು ಮಂದಿ ಪರದೇಶದಲ್ಲಿ ಹುಟ್ಟಿದವರು. ಬಾಂಬ್ ಸಿಡಿದಾಗ ಆ ಜಾಗದಲ್ಲಿ ಇದ್ದವರು ಇಬ್ಬರೇ. ಇವರ ಮಾತು, ಬರಹಗಳೇ ಎಸೆದವನನ್ನು ಹುರಿದುಂಬಿಸಿದವು, ಆದ್ದರಿಂದ ಇವರೂ ಕೊಲೆಗಾರರೇ ಎಂಬುದು ಸರಕಾರದ ವಾದ. ಏಳು ಜನರಿಗೆ ಮರಣದಂಡನೆ, ಆಸ್ಕರ್ ನೀಬೆ ಎಂಬವನಿಗೆ ಹದಿನೈದು ವರ್ಷ ಸೆರೆ. ಮುಂದೆ ಇಬ್ಬರ, ಅಂದರೆ ಫೀಲ್ಡನ್ ಮತ್ತು ಶ್ವಾಬ್ ಇವರ, ಶಿಕ್ಷೆಯನ್ನು ಆಗಿನ ಗವರ್ನರ್ ಜೀವಾವಧಿಗೆ ಇಳಿಸಿದರು. ಒಬ್ಬ ಸೆರೆಯಲ್ಲೇ ಸಿಡಿಮದ್ದಿನಿಂದ ಸತ್ತ. ಉಳಿದ ನಾಲ್ವರನ್ನು 1887ರ ನವೆಂಬರ್ 11ರಂದು ಗಲ್ಲಿಗೇರಿಸಲಾಯಿತು.

ಆಲ್ಟ್‌ಗೆಲ್ಡ್ ಗವರ್ನರ್ ಆದಾಗ ಉಳಿದ ಮೂವರು ಜೋಲಿಯಟ್ ಸೆರೆಮನೆಯಲ್ಲಿ ಏಳನೆಯ ವರ್ಷ ಕಳೆಯುತ್ತಿದ್ದರು. ಅಷ್ಟರಲ್ಲಿ ಊರಿನ ಕೋಪವೂ ತಣ್ಣಗಾಗಿತ್ತು. ಇವರನ್ನು ಬಿಡಿ ಎಂದು ಸಾವಿರಾರು ಜನ ಅರ್ಜಿಗೆ ಸಹಿ ಹಾಕಿದ್ದರು. ವ್ಯಾಪಾರಿಗಳು, ಬ್ಯಾಂಕರುಗಳು, ವಕೀಲರು ಅದರಲ್ಲಿದ್ದರು. ಇವರ ಮೇಲೆ ಆರೋಪ ಹೊರಿಸಿದ ಗ್ರ್ಯಾಂಡ್ ಜ್ಯೂರಿಯಲ್ಲಿದ್ದ ಬ್ಯಾಂಕರ್ ಡ್ರೈಯರ್ ಕೂಡ ಬಿಡುಗಡೆಗೆ ಓಡಾಡುತ್ತಿದ್ದ. ಹೆಚ್ಚಿನವರ ವಾದ ಒಂದೇ: ತಪ್ಪು ಮಾಡಿದ್ದರೂ ಇಷ್ಟು ಶಿಕ್ಷೆ ಸಾಕು, ಪಾಪ, ಬಿಟ್ಟುಬಿಡಿ.

ಇಲ್ಲಿ ಓದುಗರು ಒಂದು ಕ್ಷಣ ನಿಲ್ಲಬೇಕು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವಂಥ ದಾರಿ ಎದುರಿಗೇ ಇತ್ತು. "ಕರುಣೆಯಿಂದ ಬಿಡುಗಡೆ ಮಾಡಿದ್ದೇನೆ" ಎಂದು ಎರಡು ಸಾಲು ಬರೆದು ರುಜು ಹಾಕಿದ್ದರೆ ಮೂವರೂ ಮನೆಗೆ ಹೋಗುತ್ತಿದ್ದರು, ನ್ಯಾಯಾಧೀಶರ ಮಾನ ಉಳಿಯುತ್ತಿತ್ತು, ಪತ್ರಿಕೆಗಳು ಎರಡು ದಿನ ಗೊಣಗಿ ಸುಮ್ಮನಾಗುತ್ತಿದ್ದವು, ಗವರ್ನರ್ ಅವರನ್ನು ದಯಾಳುವೆಂದು ಹೊಗಳುವವರೂ ಇರುತ್ತಿದ್ದರು.

ಆಲ್ಟ್‌ಗೆಲ್ಡ್ ಹಾಗೆ ಮಾಡಲಿಲ್ಲ. ತಿಂಗಳುಗಟ್ಟಲೆ ಕಡತ ಓದಿದರು. ಬೇಗ ಮಾಡಿ ಎಂದು ಡ್ಯಾರೋ ಒತ್ತಾಯಿಸಿದಾಗ, ನಾನು ಇವರನ್ನು ಬಿಟ್ಟ ದಿನದಿಂದ ರಾಜಕೀಯವಾಗಿ ಸತ್ತಂತೆಯೇ ಎಂಬ ಅರ್ಥದ ಮಾತು ಹೇಳಿದರೆಂದು ಡ್ಯಾರೋ ಆತ್ಮಕಥೆಯಲ್ಲಿ ಬರೆದಿದ್ದಾರೆ. 1893ರ ಜೂನ್ 26ರಂದು ಮೂವರಿಗೂ ಸಂಪೂರ್ಣ ಕ್ಷಮಾದಾನ ಕೊಟ್ಟು, ಅದರ ಜೊತೆಗೆ ಸಣ್ಣ ಪುಸ್ತಕದಷ್ಟು ಉದ್ದದ ಒಂದು ಹೇಳಿಕೆ ಹೊರಡಿಸಿದರು. ಬಿಡುಗಡೆಯ ಕಾಗದಗಳನ್ನು ಜೋಲಿಯಟ್ಟಿಗೆ ಒಯ್ದವನು ಅದೇ ಡ್ರೈಯರ್.

ಆ ಹೇಳಿಕೆಯ ಮೊದಲ ಮಾತೇ ಅರ್ಜಿದಾರರನ್ನು ಬೆಚ್ಚಿಬೀಳಿಸುವಂಥದು. ಇವರು ಅಪರಾಧಿಗಳೆಂದೂ ವಿಚಾರಣೆ ಸರಿಯಾಗಿ ನಡೆಯಿತೆಂದೂ ಇಟ್ಟುಕೊಂಡರೆ ನಾನು ಕೈಹಾಕುವ ಪ್ರಶ್ನೆಯೇ ಇಲ್ಲ, ಅಂಥ ಅಪರಾಧಕ್ಕೆ ಯಾವ ಶಿಕ್ಷೆಯೂ ಹೆಚ್ಚಲ್ಲ ಎಂದರು. ಅಂದರೆ "ಪಾಪ" ಎಂಬ ಕಾರಣವನ್ನು ಬಾಗಿಲಲ್ಲೇ ತಡೆದರು. ಆಮೇಲೆ ಒಂದೊಂದಾಗಿ ದಾಖಲೆ ಬಿಡಿಸಿಟ್ಟರು. ಜ್ಯೂರಿಗೆ ಜನರನ್ನು ಚೀಟಿ ಎತ್ತಿ ಆರಿಸಲಿಲ್ಲ. ಒಬ್ಬ ವಿಶೇಷ ಬೇಲಿಫ್ ತನಗೆ ಬೇಕಾದವರನ್ನೇ ಕರೆತಂದ. ಇವರು ಅಪರಾಧಿಗಳೆಂದು ಆಗಲೇ ನಂಬಿದ್ದೇವೆ ಎಂದು ಬಾಯಿಬಿಟ್ಟು ಹೇಳಿದವರನ್ನೂ ನ್ಯಾಯಾಧೀಶ ಜೋಸೆಫ್ ಗ್ಯಾರಿ ಅನರ್ಹರೆಂದು ಹೊರಗಿಡಲಿಲ್ಲ. ನೀಬೆಯ ಮೇಲೆ ಮೊಕದ್ದಮೆಯೇ ನಿಲ್ಲುವುದಿಲ್ಲವೆಂದು ಸರಕಾರಿ ವಕೀಲರೇ ತಮ್ಮೆದುರು ಒಪ್ಪಿಕೊಂಡಿದ್ದರೆಂದು ಮೇಯರ್ ಹ್ಯಾರಿಸನ್ ಬರೆದುಕೊಟ್ಟಿದ್ದರು. ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಬಾಂಬ್ ಎಸೆದವನು ಯಾರೆಂದೇ ಗೊತ್ತಿಲ್ಲದಿರುವಾಗ ಅವನು ಇವರ ಭಾಷಣ ಕೇಳಿದ್ದ, ಇವರ ಬರಹ ಓದಿದ್ದ ಎಂದು ಹೇಳುವುದು ಹೇಗೆ?

ಯಥಾರ್ಥವಾದಿ ಲೋಕವಿರೋಧಿ ಎಂಬ ನಮ್ಮ ಗಾದೆ ಅಕ್ಷರಶಃ ನಿಜವಾಯಿತು. ದೇಶದ ದೊಡ್ಡ ಪತ್ರಿಕೆಗಳೆಲ್ಲ ಅವರ ಮೇಲೆ ಮುಗಿಬಿದ್ದವು. ಹುಚ್ಚುನಾಯಿಗಳನ್ನು ಬಿಚ್ಚಿಬಿಡುವವನಂತೆ ವ್ಯಂಗ್ಯಚಿತ್ರ ಬರೆದರು. ಶಿಕಾಗೋದ ಪ್ರಮುಖ ಪತ್ರಿಕೆಯೊಂದು, ಈ ಮನುಷ್ಯ ಅಮೆರಿಕನ್ನನಂತೆ ಯೋಚಿಸುವವನಲ್ಲ ಎಂಬರ್ಥದಲ್ಲಿ ಬರೆಯಿತು. ಮೂರು ತಿಂಗಳ ಕೂಸಾಗಿ ಬಂದು, ಈ ದೇಶದ ಸೈನ್ಯದಲ್ಲಿ ಸೇವೆ ಮಾಡಿ, ನಲವತ್ತೈದು ವರ್ಷ ಇಲ್ಲೇ ಬಾಳಿದ ಮೇಲೂ ಅವರು ಕೇಳಬೇಕಾದ ಮಾತು ಅದು. ಮೂರನ್ನು ಬಿಟ್ಟದ್ದಕ್ಕಿಂತ ಕಾರಣ ಹೇಳಿದ್ದಕ್ಕೇ ಈ ಕೋಪ ಹೆಚ್ಚು ಎಂದು ನಮಗೆ ತೋರುತ್ತದೆ.

ಹಾಗಾದರೆ ಕಾರಣ ಹೇಳುವ ಅಗತ್ಯವಿತ್ತೇ? ನಮ್ಮ ಜಿಜ್ಞಾಸೆ ಇರುವುದು ಇಲ್ಲಿ.

ದಯೆಯಲ್ಲಿ ಒಂದು ಗುಟ್ಟಿದೆ. "ನಿನ್ನನ್ನು ಕ್ಷಮಿಸಿದ್ದೇನೆ" ಎಂಬ ಮಾತಿನೊಳಗೆ "ನೀನು ತಪ್ಪು ಮಾಡಿದ್ದೀಯೆ" ಎಂಬ ಮಾತು ಅಡಗಿ ಕೂತಿರುತ್ತದೆ. ತಪ್ಪು ಮಾಡಿದವನಿಗೆ ಅದು ಅಮೃತ. ಮಾಡದವನಿಗೆ ಅದು ಎರಡನೆಯ ಶಿಕ್ಷೆ, ಅದೂ ಧನ್ಯವಾದ ಹೇಳಿ ಸ್ವೀಕರಿಸಬೇಕಾದ ಶಿಕ್ಷೆ. ಆಲ್ಟ್‌ಗೆಲ್ಡ್ ಕರುಣೆಯ ಎರಡು ಸಾಲು ಬರೆದಿದ್ದರೆ ಜೈಲಿನ ಮೂವರು ಹೊರಬರುತ್ತಿದ್ದರು. ಮಣ್ಣಿನಡಿಯ ಐವರು ಎಂದೆಂದಿಗೂ ಕೊಲೆಗಾರರಾಗಿಯೇ ಉಳಿಯುತ್ತಿದ್ದರು. ಸತ್ತವರಿಗೆ ದಯೆಯಿಂದ ಉಪಯೋಗವಿಲ್ಲ. ಅವರಿಗೆ ಕೊಡಬಹುದಾದದ್ದು ಸತ್ಯ ಒಂದೇ. ಅಷ್ಟೇ ಅಲ್ಲ, ಜ್ಯೂರಿ ಆರಿಸಿದ ರೀತಿ ತಪ್ಪೆಂದು ಯಾರೂ ಹೇಳದೇ ಹೋದರೆ ನಾಳೆ ಅದೇ ರೀತಿ ಇನ್ನೊಬ್ಬನ ಮೇಲೆ ಪ್ರಯೋಗವಾಗುತ್ತದೆ. ದಯೆ ಒಬ್ಬನಿಗೆ ಸಲ್ಲುವಂಥದು. ನ್ಯಾಯ ಮುಂದೆ ಆ ಕಟಕಟೆಯಲ್ಲಿ ನಿಲ್ಲುವ ಎಲ್ಲರಿಗೂ ಸಲ್ಲಬೇಕಾದದ್ದು.

ಆದರೆ ಇದಕ್ಕೆ ಎದುರುವಾದವೂ ಬಲವಾಗಿದೆ. ಅದನ್ನು ಮುಚ್ಚಿಟ್ಟು ಆಲ್ಟ್‌ಗೆಲ್ಡ್ ಅವರನ್ನು ಸತ್ಯಹರಿಶ್ಚಂದ್ರನೆಂದು ಪೂಜಿಸಿದರೆ ಅದೂ ಸುಳ್ಳೇ.

ಮೊದಲನೆಯದು ಇದು. 1893ರಲ್ಲಿ ಆಲ್ಟ್‌ಗೆಲ್ಡ್ ಸರಕಾರ ಕಾರ್ಖಾನೆಗಳ ತಪಾಸಣೆಗೆ ಕಾನೂನು ತಂದಿತು. ಎಳೆಯ ಮಕ್ಕಳ ದುಡಿಮೆಗೆ ತಡೆ ಹಾಕುವುದು ಅದರ ಒಂದು ಗುರಿ. ಅದರ ಮುಖ್ಯಾಧಿಕಾರಿಯಾಗಿ ಫ್ಲಾರೆನ್ಸ್ ಕೆಲ್ಲಿ ಎಂಬ ಧೀರ ಮಹಿಳೆಯನ್ನು ನೇಮಿಸಿದರು. ಆಕೆ ಗಾಜಿನ ಕಾರ್ಖಾನೆಗಳಿಂದ ಹಿಡಿದು ಬಟ್ಟೆ ಹೊಲಿಯುವ ಇಕ್ಕಟ್ಟಿನ ಕೋಣೆಗಳವರೆಗೆ ಹೊಕ್ಕು ಮಕ್ಕಳನ್ನು ಎಣಿಸಿದರು, ಮಾಲೀಕರನ್ನು ಕೋರ್ಟಿಗೆ ಎಳೆದರು. 1896ರಲ್ಲಿ ಆಲ್ಟ್‌ಗೆಲ್ಡ್ ಸೋತರು. ಸೋಲಿಗೆ ಈ ಕ್ಷಮಾದಾನ ಒಂದೇ ಕಾರಣವಲ್ಲ. 1894ರ ಪುಲ್‌ಮನ್ ಮುಷ್ಕರದಲ್ಲಿ ಅಧ್ಯಕ್ಷ ಕ್ಲೀವ್‌ಲ್ಯಾಂಡ್ ತಮ್ಮನ್ನು ಕೇಳದೆ ಶಿಕಾಗೋಗೆ ಸೈನ್ಯ ಕಳಿಸಿದ್ದನ್ನು ಅವರು ವಿರೋಧಿಸಿದ್ದರು, ಆ ವರ್ಷದ ಗಾಳಿಯೂ ಅವರ ಪಕ್ಷಕ್ಕೆ ಎದುರಾಗಿತ್ತು. ಆದರೂ ಚುನಾವಣೆಯಲ್ಲಿ ಎದುರಾಳಿಗಳು ಹೇಮಾರ್ಕೆಟ್ ಹೆಸರನ್ನು ಬಿಡದೆ ಬಳಸಿದರು. 1897ರಲ್ಲಿ ಹೊಸ ಗವರ್ನರ್ ಕೆಲ್ಲಿಯವರನ್ನು ತೆಗೆದುಹಾಕಿ ಆ ಜಾಗಕ್ಕೆ ತಂದದ್ದು, ಮಕ್ಕಳನ್ನು ದುಡಿಸುತ್ತಿದ್ದ ಗಾಜಿನ ಕಂಪನಿಯೊಂದರ ಹಳೆಯ ನೌಕರನನ್ನು. ಮೂವರ ಪರವಾಗಿ ಸತ್ಯ ಹೇಳಿದ್ದರ ಬೆಲೆಯನ್ನು ಆಲ್ಟ್‌ಗೆಲ್ಡ್ ಒಬ್ಬರೇ ತೆರಲಿಲ್ಲ. ಆ ಮಕ್ಕಳೂ ತೆತ್ತರು. ಸುಮ್ಮನಿದ್ದು, ಅಧಿಕಾರ ಉಳಿಸಿಕೊಂಡು, ಇನ್ನೂ ಸಾವಿರ ಜನಕ್ಕೆ ಒಳ್ಳೆಯದು ಮಾಡಬಹುದಿತ್ತಲ್ಲ ಎಂದು ಯಾರಾದರೂ ಕೇಳಿದರೆ ಅದು ಹಗುರವಾದ ಪ್ರಶ್ನೆಯಲ್ಲ.

ಎರಡನೆಯದು. ಆಲ್ಟ್‌ಗೆಲ್ಡ್ ನಿಷ್ಪಕ್ಷಪಾತಿಯಾಗಿದ್ದರೇ? ಇದಕ್ಕೆ ಮೊದಲು ಅವರ ಸ್ವಂತದ ಒಂದು ವ್ಯಾಜ್ಯದಲ್ಲಿ ನ್ಯಾಯಾಧೀಶ ಗ್ಯಾರಿ ಇದ್ದ ಮೇಲಿನ ಕೋರ್ಟು ಅವರ ವಿರುದ್ಧ ತೀರ್ಪು ಕೊಟ್ಟಿತ್ತು. ಆ ಮುನಿಸು ಹೇಳಿಕೆಯಲ್ಲಿ ಇಣುಕಿದೆ ಎಂದು ಆಗಲೇ ಹೇಳಿದವರಿದ್ದರು. ಹೇಳಿಕೆಯ ಕೊನೆಯಲ್ಲಿ ಗ್ಯಾರಿಯವರ ಮೇಲಿನ ಕಟುವಾದ ಆರೋಪಗಳನ್ನು ಎತ್ತಿ, ದಾಖಲೆ ಅವನ್ನು ಸಮರ್ಥಿಸುವಂತಿದೆ ಎಂದು ಸೇರಿಸಿ, ಆದರೆ ಅದರ ಚರ್ಚೆ ಇಲ್ಲಿ ಬೇಕಿಲ್ಲ ಎಂದಿದ್ದಾರೆ. ಬೇಕಿಲ್ಲದ ಮೇಲೆ ಬಿಡಬಹುದಿತ್ತು. ಇತ್ತೀಚೆಗೆ, 2011 ಮತ್ತು 2012ರಲ್ಲಿ, ಇತಿಹಾಸಕಾರ ಟಿಮೊಥಿ ಮೆಸರ್-ಕ್ರೂಸ್ ವಿಚಾರಣೆಯ ಮೂಲ ದಾಖಲೆ ಓದಿ, ಆ ಕಾಲದ ಅಳತೆಯಲ್ಲಿ ವಿಚಾರಣೆ ಅಷ್ಟೇನೂ ಅನ್ಯಾಯದ್ದಲ್ಲ, ಆಪಾದಿತರು ಪೂರ್ತಿ ಅಮಾಯಕರೂ ಅಲ್ಲ ಎಂದು ವಾದಿಸಿದರು. ಇತರ ವಿದ್ವಾಂಸರು ಅದನ್ನು ಒಪ್ಪಿಲ್ಲ. ಚರ್ಚೆ ನಡೆದೇ ಇದೆ.

ಈ ಎರಡನ್ನೂ ತೂಗಿ ನೋಡಿದ ಮೇಲೂ ನಮಗೆ ಅನ್ನಿಸುವುದು ಹೀಗೆ. ಎರಡನೆಯ ಆಕ್ಷೇಪಣೆ ಮಾಡಲು ಇಂದು ಸಾಧ್ಯವಾಗಿರುವುದೇ ಆಲ್ಟ್‌ಗೆಲ್ಡ್ ಕಾರಣ ಬರೆದಿಟ್ಟದ್ದರಿಂದ. ಕಾರಣ ಹೇಳಿದವನನ್ನು ಪರೀಕ್ಷಿಸಬಹುದು, ತಪ್ಪಿದ್ದರೆ ತಿದ್ದಬಹುದು. ಬರೀ ಕರುಣೆ ತೋರಿದವನನ್ನು ಯಾರೂ ಪ್ರಶ್ನಿಸಲಾರರು. ಆ ಅರ್ಥದಲ್ಲಿ ಕಾರಣ ಹೇಳುವುದು ಅಹಂಕಾರವಲ್ಲ, ತನ್ನನ್ನೇ ಕಟಕಟೆಯಲ್ಲಿ ನಿಲ್ಲಿಸಿಕೊಳ್ಳುವುದು. ಇನ್ನು ಮೊದಲನೆಯ ಆಕ್ಷೇಪಣೆಗೆ ನಮ್ಮಲ್ಲಿ ಪೂರ್ಣ ಉತ್ತರವಿಲ್ಲ. ಒಂದು ಮಾತು ಮಾತ್ರ ಹೇಳಬಹುದು. ದೊಡ್ಡ ಒಳಿತಿಗಾಗಿ ಈಗ ಸುಮ್ಮನಿರುತ್ತೇನೆ ಎಂದು ಶುರುಮಾಡಿದವನಿಗೆ ಮಾತಾಡುವ ಮುಹೂರ್ತ ಎಂದೂ ಬರುವುದಿಲ್ಲ. ದ್ರೌಪದಿ ಸಭೆಯಲ್ಲಿ ಕೇಳಿದ ಪ್ರಶ್ನೆಗೆ ಭೀಷ್ಮರು ಧರ್ಮ ಸೂಕ್ಷ್ಮ ಎಂದರು. ಸೂಕ್ಷ್ಮ ನಿಜ, ಆದರೆ ಅಂದು ಅವರು ಸುಮ್ಮನಿದ್ದುದರಿಂದ ಹಸ್ತಿನಾವತಿಯೇನೂ ಉಳಿಯಲಿಲ್ಲ.

ಆಲ್ಟ್‌ಗೆಲ್ಡ್ ಅವರಿಗೂ ಆ ಮೌನದ ರುಚಿ ಗೊತ್ತಿತ್ತು. 1887ರಲ್ಲಿ, ನಾಲ್ವರು ಗಲ್ಲಿಗೇರುವಾಗ, ಅವರು ಅದೇ ಕೌಂಟಿಯಲ್ಲಿ ನ್ಯಾಯಾಧೀಶರಾಗಿದ್ದರು. ಆಗ ಅವರು ಬಹಿರಂಗವಾಗಿ ಬಾಯಿಬಿಡಲಿಲ್ಲ. ಮುಂದೆ ಅಷ್ಟುದ್ದ ಬರೆದದ್ದು ಆ ಸಾಲ ತೀರಿಸುವುದಕ್ಕೂ ಇರಬಹುದೇ? ಮನುಷ್ಯನ ಒಳಗಿನದು ಯಾರಿಗೆ ತಿಳಿದೀತು.

ಗವರ್ನರ್ ಪದವಿ ಹೋದ ಮೇಲೆ ಅವರ ಸಂಪತ್ತೂ ಕರಗಿತು, ಯೂನಿಟಿ ಬಿಲ್ಡಿಂಗ್ ಕೈತಪ್ಪಿತು. 1899ರಲ್ಲಿ ಶಿಕಾಗೋ ಮೇಯರ್ ಸ್ಥಾನಕ್ಕೆ ನಿಂತು ಸೋತರು. ಕೊನೆಗೆ ಡ್ಯಾರೋ ಅವರ ಜೊತೆ ಸೇರಿ ಮತ್ತೆ ವಕೀಲಿ ಮಾಡಿದರು. 1902ರ ಮಾರ್ಚ್ 11ರಂದು ಜೋಲಿಯಟ್ ಊರಿನಲ್ಲಿ, ಬ್ರಿಟಿಷರ ವಿರುದ್ಧ ಹೋರಾಡುತ್ತಿದ್ದ ದಕ್ಷಿಣ ಆಫ್ರಿಕಾದ ಬೋಯರರ ಪರವಾಗಿ ಭಾಷಣ ಮುಗಿಸಿ ಕುಸಿದರು, ಮರುದಿನ ತೀರಿಕೊಂಡರು. ಐವತ್ತನಾಲ್ಕು ವರ್ಷ. ಅಂತಿಮ ದರ್ಶನಕ್ಕೆ ಸಾವಿರಾರು ಜನ ಸಾಲುಗಟ್ಟಿದರು. ಡ್ಯಾರೋ ಮತ್ತು ಸಮಾಜಸೇವಕಿ ಜೇನ್ ಆಡಮ್ಸ್ ಅಂತ್ಯಕ್ರಿಯೆಯಲ್ಲಿ ಮಾತಾಡಿದರು. ಶಿಕಾಗೋದ ಲಿಂಕನ್ ಪಾರ್ಕಿನಲ್ಲಿರುವ ಅವರ ಪ್ರತಿಮೆಯನ್ನು 1915ರಲ್ಲಿ ಮಾಡಿದವರು ಗಟ್ಜನ್ ಬೋರ್ಗ್ಲಮ್. ರಜೆಯಲ್ಲಿ ನಾವು ಮಕ್ಕಳನ್ನು ಕಟ್ಟಿಕೊಂಡು ನೋಡಲು ಹೋಗುವ ಮೌಂಟ್ ರಶ್ಮೋರಿನ ನಾಲ್ಕು ಅಧ್ಯಕ್ಷರ ಮುಖಗಳನ್ನು ಕಡೆಸಿದವರೂ ಅವರೇ.

ನಮ್ಮಲ್ಲಿ ಪೌರತ್ವ ಪಡೆದವರಿಗೆ ಕೌಂಟಿಯಿಂದ ಜ್ಯೂರಿ ಸಮನ್ಸ್ ಬರುತ್ತದೆ. ಬಂದೊಡನೆ ನಾವು ಒಬ್ಬರಿಗೊಬ್ಬರು ಫೋನ್ ಮಾಡಿ ಕೇಳುವುದು, ಇದರಿಂದ ತಪ್ಪಿಸಿಕೊಳ್ಳುವುದು ಹೇಗೆ ಎಂದು. ಕೆಲಸವಿದೆ, ಇಂಗ್ಲಿಷ್ ಅಷ್ಟು ಬರುವುದಿಲ್ಲ, ನಾವು ಹೊರಗಿನವರು, ನಮಗೇಕೆ ಊರ ಉಸಾಬರಿ. ಈ ನೆಪಗಳನ್ನು ನಾವೂ ಹೇಳಿದ್ದೇವೆ. ಹೇಮಾರ್ಕೆಟ್ ವಿಚಾರಣೆಯಲ್ಲಿ ಒಂಬೈನೂರ ಎಂಬತ್ತೊಂದು ಜನರನ್ನು ಪ್ರಶ್ನಿಸಿ ಹನ್ನೆರಡು ಜನರನ್ನು ಆರಿಸಿದರು. ಆ ಹನ್ನೆರಡರಲ್ಲಿ ಒಬ್ಬನಾದರೂ "ಎಸೆದವನು ಯಾರು?" ಎಂದು ಕೇಳಿ ಕೂತಿದ್ದರೆ ಎಂದು ಈಗ ಯೋಚಿಸುತ್ತೇವೆ. ಮುಂದಿನ ಸಲ ಸಮನ್ಸ್ ಬಂದರೆ ಹೋಗುವುದೆಂದು ನಮ್ಮ ಮನೆಯಲ್ಲಿ ತೀರ್ಮಾನವಾಗಿದೆ.

ಆ ಹುಡುಗನ ವಿಷಯ. ಮುಂದಿನ ವಾರ ಅವನ ತಂದೆ ಶಾಲೆಗೆ ಹೋಗಿ, ಬಿಟ್ಟದ್ದಕ್ಕೆ ನಿಮಗೆ ಕೃತಜ್ಞರು, ಆದರೆ ಉತ್ತರಪತ್ರಿಕೆಗಳನ್ನು ಇನ್ನೊಮ್ಮೆ ನೋಡಿ ಎಂದು ಕೇಳಿದರಂತೆ. ಫಲ ಏನಾಯಿತೆಂದು ನಾವು ವಿಚಾರಿಸಲಿಲ್ಲ. ತಂದೆ ಕೇಳಿದರಲ್ಲ ಎಂದು ಹುಡುಗನ ಮುಖದಲ್ಲಿ ಗೆಲುವು ಬಂತೆಂದು ತಾಯಿಯೇ ಹೇಳಿದರು.

ಓದುಗರು ಇದಕ್ಕೆ ತಮ್ಮ ಅಭಿಪ್ರಾಯ ಬರೆದರೆ, ಅದರಲ್ಲೂ ನಮ್ಮೊಡನೆ ಒಪ್ಪದವರು ಬರೆದರೆ, ಸಂತೋಷ.